ಇನ್ನೆರಡು ದಿನ ಇದ್ದು ಹೋಗಿ

ಮಂಡ್ಯದ ಸೀಮೆಯಲ್ಲಿ ನೆಂಟರು ಹೊರಟು ನಿಂತರೆ ಮನೆಯವರು ಸುಮ್ಮನೆ ಬೀಳ್ಕೊಡುವ ವಾಡಿಕೆಯಿಲ್ಲ. 'ಇವತ್ತೇ ಏನವಸರ? ಇನ್ನೆರಡು ದಿನ ಇದ್ದು ಹೋಗಿ' ಎಂದು ಒಬ್ಬರು ಕೈಯೊಳಗಿನ ಚೀಲವನ್ನು ಹಿಡಿದುಕೊಳ್ಳುವರು. 'ನಾಳೆ ಕೋಳಿ ಕುಯ್ತೀವಿ, ಉಂಡ್ಕಂಡು ಹೋಗೀರಂತೆ' ಎಂದು ಇನ್ನೊಬ್ಬರು ಅಡಿಗೆಮನೆಯಿಂದಲೇ ಕೂಗುವರು. ವಾಸದ ಅವಧಿಯನ್ನು ಹೆಚ್ಚಿಸಿಕೊಳ್ಳಿರೆಂದು ಇಲ್ಲಿ ಬೇಡುವವನು ಆತಿಥೇಯ. ಕೆಲಸದ ನೆಪ ಹೇಳಿ ಒಲ್ಲೆನೆನ್ನುವವನು ಅತಿಥಿ. ಹೊಸ್ತಿಲನ್ನು ಬಿಟ್ಟು ದೇಶದ ಗಡಿಗೆ ಬಂದರೆ ಈ ಎರಡು ಪಾತ್ರಗಳೂ ಅದಲುಬದಲಾಗುತ್ತವೆ. ಅಲ್ಲಿ ಬೇಡುವವನು ಅತಿಥಿ. ಅವನು ಸಾಲಿನಲ್ಲಿ ನಿಂತು, ಅರ್ಜಿ ತುಂಬಿ, ಭಾವಚಿತ್ರ ಅಂಟಿಸಿ, ಹಣ ತೆತ್ತು, 'ಇನ್ನೊಂದು ತಿಂಗಳು ಇರಲು ಅಪ್ಪಣೆಯಾಗಬೇಕು' ಎಂದು ವಿನಂತಿಸುತ್ತಾನೆ. ಕಿಟಕಿಯ ಆಚೆ ಕುಳಿತ ಅಧಿಕಾರಿ ತನ್ನ ದೇಶದ ಪರವಾಗಿ ಹೂಂ ಅಥವಾ ಊಹೂಂ ಎನ್ನುತ್ತಾನೆ.

ಇದು ದೊಡ್ಡವರ, ಧನಿಕರ ವಿಷಯವೆಂದು ಭಾವಿಸುವ ಕಾಲ ಕಳೆದುಹೋಯಿತು. ಕೃಷ್ಣರಾಜಪೇಟೆ ತಾಲ್ಲೂಕಿನ ನಮ್ಮ ಬೂಕನಕೆರೆಯಂಥ ಊರುಗಳ ಹುಡುಗರು ಈಗ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಕೆಲಸ ಹಿಡಿದು, ಎರಡು ವರ್ಷ ಕೂಡಿಟ್ಟ ಹಣದಲ್ಲಿ ಬೆನ್ನ ಮೇಲೊಂದು ಚೀಲ ಹೊತ್ತು ಬ್ಯಾಂಕಾಕಿಗೆ, ಹನೋಯಿಗೆ, ಬಾಲಿಗೆ ಹೋಗಿಬರುತ್ತಾರೆ. ಒಂದು ಕೋಣೆಯಲ್ಲಿ ಎಂಟು ಮಂಚಗಳಿರುವ ತಂಗುದಾಣದಲ್ಲಿ ಮಲಗಿ, ಬೀದಿಬದಿಯ ಅನ್ನ ಉಂಡು, ರಾತ್ರಿ ಬಸ್ಸಿನಲ್ಲಿ ಪ್ರಯಾಣ ಮಾಡಿ ಕೋಣೆಯ ಬಾಡಿಗೆಯನ್ನು ಉಳಿಸಿ ಲೋಕವನ್ನು ನೋಡುವ ಈ ಕ್ರಮ ಮೆಚ್ಚತಕ್ಕದ್ದೇ. ಇನ್ನೊಂದು ಕಡೆ, ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗುವ ತಾಯಂದಿರು ಈಗ ಹಳ್ಳಿಹಳ್ಳಿಯಲ್ಲಿಯೂ ಉಂಟು. ನಮ್ಮ ತಾಲ್ಲೂಕಿನ ಅಕ್ಕಿಹೆಬ್ಬಾಳಿನಲ್ಲಿ 1900ರಲ್ಲಿ ಹುಟ್ಟಿದ ಎ. ಎನ್. ಮೂರ್ತಿರಾಯರು 'ಅಪರವಯಸ್ಕನ ಅಮೆರಿಕಾ ಯಾತ್ರೆ'ಯನ್ನು ಬರೆದಾಗ ಮುಪ್ಪಿನಲ್ಲಿ ಸಮುದ್ರ ದಾಟುವುದು ಒಂದು ಗ್ರಂಥಕ್ಕೆ ವಸ್ತುವಾಗುವಷ್ಟು ಅಪರೂಪವಾಗಿತ್ತು. ಈಗ ಅದು ಅಕ್ಕಪಕ್ಕದ ಮನೆಯ ಮಾತು. ಯುವಕನಾಗಲಿ, ಅಜ್ಜಿಯಾಗಲಿ, ಇವರೆಲ್ಲರ ಕೈಯಲ್ಲಿಯೂ ಇರುವುದು ಒಂದೇ ಬಗೆಯ ಕಾಗದ: ಇಂಥ ದಿನದವರೆಗೆ ಮಾತ್ರ ಎಂದು ಹೇಳುವ ಕಾಗದ.

ವೀಸಾ ಎಂಬ ಮಾತಿನ ಮೂಲ ಲ್ಯಾಟಿನ್. 'ನೋಡಲಾಗಿದೆ' ಎಂಬುದು ಅದರ ಅರ್ಥ. ಕಾಗದವನ್ನು ಅಧಿಕಾರಿ ಕಂಡಿದ್ದಾನೆ ಎಂಬುದಷ್ಟೇ ಮೊದಲ ತಾತ್ಪರ್ಯ. ಪಾರಸಿಯಿಂದ ಬಂದು ನಮ್ಮ ಹಳೆಯ ದಫ್ತರಗಳಲ್ಲಿ ನೆಲೆಸಿದ 'ರಹದಾರಿ' ಎಂಬ ಮಾತು ಇದಕ್ಕಿಂತ ಸೊಗಸಾದದ್ದು; ಅದರಲ್ಲಿ ದಾರಿಯೂ ಇದೆ, ದಾರಿಯನ್ನು ಕಾಯುವವನೂ ಇದ್ದಾನೆ. ಸಂಸ್ಕೃತದಲ್ಲಿ ಇದು 'ಮುದ್ರೆ'. ಕೌಟಿಲ್ಯನ ಅರ್ಥಶಾಸ್ತ್ರದ ಹಸ್ತಪ್ರತಿಯನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದವರು ಮೈಸೂರಿನ ಆರ್. ಶಾಮಶಾಸ್ತ್ರಿಗಳು ಎಂಬುದನ್ನು ವಿದ್ಯಾರ್ಥಿಗಳು ಬಲ್ಲರು. ಆ ಗ್ರಂಥದಲ್ಲಿ ಮುದ್ರಾಧ್ಯಕ್ಷನೆಂಬ ಅಧಿಕಾರಿಯೊಬ್ಬನಿದ್ದಾನೆ. ಒಂದು ಮಾಷಕ ತೆತ್ತವನಿಗೆ ಅವನು ಮುದ್ರೆ ಕೊಡುತ್ತಾನೆ. ಮುದ್ರೆಯುಳ್ಳವನು ಮಾತ್ರ ಜನಪದವನ್ನು ಹೊಗಬಹುದು, ಬಿಡಬಹುದು. ಮುದ್ರೆಯಿಲ್ಲದ ನಾಡಿಗನಿಗೆ ಹನ್ನೆರಡು ಪಣ ದಂಡ. ಕಳ್ಳಮುದ್ರೆಗೆ ಅದಕ್ಕಿಂತ ದೊಡ್ಡ ದಂಡ. ಹಾಗೆ ಮಾಡಿದವನು ಹೊರನಾಡಿನವನಾದರೆ ಎಲ್ಲಕ್ಕಿಂತ ಹೆಚ್ಚಿನ ದಂಡ. ಮನೆಗೆ ಬಂದವರನ್ನೂ ಮನೆಯಿಂದ ಹೊರಟವರನ್ನೂ ಕುರಿತು ಗೃಹಸ್ಥನು ನಗರದ ಅಧಿಕಾರಿಗೆ ತಿಳಿಸಬೇಕೆಂಬ ವಿಧಿಯೂ ಅಲ್ಲಿ ಇದೆ. ಇಂದು ನಮ್ಮ ದೇಶದಲ್ಲಿ ವಿದೇಶೀಯನಿಗೆ ಕೋಣೆ ಕೊಟ್ಟ ಹೋಟೆಲಿನವನು 24 ಗಂಟೆಗಳೊಳಗೆ ಆ ಸುದ್ದಿಯನ್ನು ಒಪ್ಪಿಸಬೇಕಲ್ಲವೆ? ಎರಡು ಸಾವಿರ ವರ್ಷಗಳಲ್ಲಿ ಓಲೆ ಹೋಗಿ ಯಂತ್ರ ಬಂದಿದೆ. ರಾಜ್ಯದ ಕುತೂಹಲ ಮಾತ್ರ ಬದಲಾಗಿಲ್ಲ.

ಇದರ ಪಕ್ಕದಲ್ಲಿಯೇ ನಮ್ಮಲ್ಲಿ ಇನ್ನೊಂದು ಪರಂಪರೆ ಹರಿದು ಬಂದಿದೆ. ಧರ್ಮಶಾಸ್ತ್ರಕಾರರು ಅತಿಥಿಯೆಂದರೆ ಒಂದು ರಾತ್ರಿ ಮಾತ್ರ ತಂಗುವವನು ಎಂದರು. ಪರಿವ್ರಾಜಕನು ಗ್ರಾಮದಲ್ಲಿ ಒಂದು ರಾತ್ರಿ, ಪಟ್ಟಣದಲ್ಲಿ ಐದು ರಾತ್ರಿ ಇರಬಹುದೆಂದು ಅವಧಿ ಗೊತ್ತುಮಾಡಿದರು. ಮಳೆಗಾಲದ ನಾಲ್ಕು ತಿಂಗಳು ಮಾತ್ರ ಅವನು ಒಂದೆಡೆ ನಿಲ್ಲಬಹುದು; ಚಾತುರ್ಮಾಸ್ಯವೆಂಬುದು ಒಂದು ರೀತಿಯಲ್ಲಿ ಪ್ರಕೃತಿಯೇ ಕೊಟ್ಟ ಅವಧಿ ವಿಸ್ತರಣೆ. ಗಮನಿಸಬೇಕಾದ ಸಂಗತಿಯೆಂದರೆ, ಈ ಮಿತಿಯನ್ನು ವಿಧಿಸಿದವನು ಊರ ಗೌಡನಲ್ಲ. ಅದು ಸಂನ್ಯಾಸಿ ತನಗೆ ತಾನೇ ಹಾಕಿಕೊಂಡ ಕಟ್ಟು. ಹೆಚ್ಚು ದಿನ ನಿಂತರೆ ಸ್ಥಳದ ಮೇಲೆ ಮಮತೆ ಹುಟ್ಟುತ್ತದೆ, ಗೃಹಸ್ಥನಿಗೆ ಭಾರವಾಗುತ್ತದೆ ಎಂಬ ಎರಡು ವಿವೇಕಗಳೂ ಅದರಲ್ಲಿ ಅಡಗಿವೆ. ಕೌಟಿಲ್ಯನದು ಗಡಿ ಕಾಯುವವನ ನೀತಿ; ಇದು ನಡೆಯುವವನ ನೀತಿ. ಇವೆರಡೂ ಸಂಧಿಸುವ ಸ್ಥಳವೇ ಇಂದಿನ ವೀಸಾ ಕಚೇರಿ.

ಮೊದಲ ಮಹಾಯುದ್ಧಕ್ಕೆ ಮುಂಚೆ ಯೂರೋಪಿನ ಬಹುಭಾಗವನ್ನು ಯಾವ ಕಾಗದವೂ ಇಲ್ಲದೆ ಸುತ್ತಬಹುದಾಗಿತ್ತು. ಯುದ್ಧ ತಂದ ಶಂಕೆ ಯುದ್ಧ ಮುಗಿದ ಮೇಲೂ ಉಳಿಯಿತು. 1920ರಲ್ಲಿ ರಾಷ್ಟ್ರಸಂಘದ ಆಶ್ರಯದಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ಸಮ್ಮೇಳನ ಪಾಸ್‌ಪೋರ್ಟಿಗೆ ಒಂದು ರೂಪ ಕೊಟ್ಟಿತು. ಅದೇ ವರ್ಷ ಭಾರತಕ್ಕೂ ಪ್ರವೇಶದ ಪಾಸ್‌ಪೋರ್ಟು ಕಾಯಿದೆ ಬಂದಿತು. 1939ರಲ್ಲಿ ವಿದೇಶೀಯರ ನೋಂದಣಿ ಕಾಯಿದೆ, 1946ರಲ್ಲಿ ವಿದೇಶೀಯರ ಕಾಯಿದೆ. ಇವುಗಳೆಲ್ಲದರ ಸ್ಥಾನದಲ್ಲಿ 2025ರ ಸೆಪ್ಟೆಂಬರ್ 1ರಿಂದ ವಲಸೆ ಮತ್ತು ವಿದೇಶೀಯರ ಕಾಯಿದೆ ಎಂಬ ಒಂದೇ ಶಾಸನ ಜಾರಿಯಲ್ಲಿದೆ. ಅವಧಿ ಮೀರಿ ನಿಂತವನಿಗೆ ಮೂರು ವರ್ಷದವರೆಗೆ ಸೆರೆ, ಮೂರು ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಲು ಅದರಲ್ಲಿ ಅವಕಾಶವಿದೆ.

ಪ್ರಯಾಣಿಕನು ಮೊಟ್ಟಮೊದಲು ತಿಳಿಯಬೇಕಾದುದು, ಅವನ ಕಾಗದದಲ್ಲಿ ಎರಡು ಬೇರೆ ಬೇರೆ ಅವಧಿಗಳು ಇರುತ್ತವೆಂಬುದನ್ನು. ವೀಸಾದ ಆಯುಸ್ಸು ಒಂದು; ವಾಸದ ಅಪ್ಪಣೆ ಇನ್ನೊಂದು. ಬಾಗಿಲನ್ನು ಎಷ್ಟು ಕಾಲ ತಟ್ಟಬಹುದು ಎಂಬುದನ್ನು ಮೊದಲನೆಯದು ಹೇಳುತ್ತದೆ. ಒಳಗೆ ಎಷ್ಟು ದಿನ ಕೂರಬಹುದು ಎಂಬುದನ್ನು ಎರಡನೆಯದು ಹೇಳುತ್ತದೆ. ಅಮೆರಿಕದ ವೀಸಾ ಹತ್ತು ವರ್ಷದ್ದಾಗಿರಬಹುದು. ಆದರೆ ಬಾಣಂತನಕ್ಕೆ ಹೋದ ತಾಯಿಯ ವಾಸದ ಮಿತಿಯನ್ನು ನಿರ್ಣಯಿಸುವುದು ವಿಮಾನ ನಿಲ್ದಾಣದಲ್ಲಿ ದಾಖಲಾಗುವ ಐ-94 ಎಂಬ ಆಗಮನ ಪತ್ರ. ಸಾಮಾನ್ಯವಾಗಿ ಅದು ಆರು ತಿಂಗಳು. ಮಗುವಿಗೆ ಕಾಯಿಲೆ, ಮಗಳಿಗೆ ನಿಶ್ಶಕ್ತಿ, ಇನ್ನೆರಡು ತಿಂಗಳು ಇರಬೇಕು ಎನಿಸಿದರೆ ಆ ದಿನಾಂಕ ತೀರುವ ಮೊದಲೇ ಐ-539 ಎಂಬ ಅರ್ಜಿ ಹಾಕಬೇಕು. 45 ದಿನ ಮುಂಚೆಯೇ ಹಾಕಿರೆಂದು ಅಲ್ಲಿನ ಇಲಾಖೆಯೇ ಸಲಹೆ ಕೊಡುತ್ತದೆ. ಹಾಕದೆ 180 ದಿನಗಳಿಗೂ ಮೀರಿ ಉಳಿದು ಹೊರಟರೆ ಮೂರು ವರ್ಷ, ಒಂದು ವರ್ಷ ಮೀರಿದರೆ ಹತ್ತು ವರ್ಷ ಆ ದೇಶದ ಬಾಗಿಲು ಮುಚ್ಚುತ್ತದೆ. ಮೊಮ್ಮಗುವಿನ ಹತ್ತು ವರ್ಷವೆಂದರೆ ಅಜ್ಜಿಗೆ ಅದರ ಬಾಲ್ಯವೆಲ್ಲ.

ಯೂರೋಪಿನ ಷೆಂಗೆನ್ ದೇಶಗಳ ಲೆಕ್ಕ ಬೇರೆ: ಯಾವ 180 ದಿನಗಳನ್ನು ತೆಗೆದುಕೊಂಡರೂ ಅದರಲ್ಲಿ 90 ದಿನ ಮಾತ್ರ. 'ಇನ್ನೂ ನೋಡುವುದಿದೆ' ಎಂಬುದು ಅಲ್ಲಿ ಕಾರಣವಲ್ಲ. ದೈವಿಕ ಆಪತ್ತು, ಮಾನವೀಯ ಸಂಕಟ ಅಥವಾ ಗುರುತರವಾದ ವೈಯಕ್ತಿಕ ಕಾರಣ ಇದ್ದರೆ ಮಾತ್ರ ಅವಧಿ ಬೆಳೆಯುತ್ತದೆ. ಮೊದಲೆರಡಕ್ಕೆ ಶುಲ್ಕವಿಲ್ಲ, ಮೂರನೆಯದಕ್ಕೆ 30 ಯೂರೋ. ದುಃಖಕ್ಕೆ ಸುಂಕ ಹಾಕಬಾರದೆಂಬ ಈ ಸೂಕ್ಷ್ಮ ಶಾಸನದಲ್ಲಿ ಬಂದಿರುವುದು ಸಂತೋಷದ ಸಂಗತಿ.

ನಮ್ಮ ಹುಡುಗರು ಹೆಚ್ಚಾಗಿ ಹೋಗುವ ಪೂರ್ವದೇಶಗಳಲ್ಲಿ ಕಾನೂನು ಇಷ್ಟು ಬಿಗಿಯಲ್ಲ. ಥಾಯ್ಲೆಂಡು 2023ರ ನವೆಂಬರಿನಲ್ಲಿ ಭಾರತೀಯರಿಗೆ ವೀಸಾ ಇಲ್ಲದೆ 30 ದಿನ ಇರಲು ಅವಕಾಶ ಕೊಟ್ಟು, 2024ರ ಜುಲೈನಲ್ಲಿ ಅದನ್ನು 60 ದಿನಕ್ಕೆ ಏರಿಸಿತು. ಇಂಥ ರಿಯಾಯಿತಿಗಳು ಬರುವಂತೆಯೇ ಹೋಗುವುದೂ ಉಂಟಾದ್ದರಿಂದ ಹೊರಡುವ ಮುನ್ನ ಆಯಾ ದೇಶದ ರಾಯಭಾರ ಕಚೇರಿಯ ಪ್ರಕಟಣೆಯನ್ನು ನೋಡಿಕೊಳ್ಳುವುದು ಲೇಸು. ಅಲ್ಲಿನ ವಲಸೆ ಕಚೇರಿಯಲ್ಲಿ ಇನ್ನೂ 30 ದಿನ ಕೇಳುವುದಕ್ಕೆ ಬಹುಕಾಲದಿಂದ ಗೊತ್ತಾಗಿರುವ ಶುಲ್ಕ 1,900 ಬಾತ್. ಕೇಳದೆ ನಿಂತವನಿಗೆ ದಿನಕ್ಕೆ 500 ಬಾತ್ ದಂಡ. ಅದು 20,000ದವರೆಗೆ ಏರುತ್ತದೆ. ನಾಲ್ಕು ದಿನದ ದಂಡ ಒಂದು ತಿಂಗಳ ಅಪ್ಪಣೆಗಿಂತ ಹೆಚ್ಚಾಯಿತು. ಇಂಡೋನೇಷಿಯದಲ್ಲಿ ಈ ಪಾಠ ಇನ್ನೂ ಖಾರ. ಅಲ್ಲಿ ಇಳಿದಾಗ 5 ಲಕ್ಷ ರುಪಯ್ಯ ತೆತ್ತರೆ 30 ದಿನ, ಮತ್ತೆ ಅಷ್ಟೇ ತೆತ್ತರೆ ಒಮ್ಮೆ ಮಾತ್ರ ಇನ್ನು 30 ದಿನ. ಮೀರಿ ನಿಂತರೆ ದಿನವೊಂದಕ್ಕೆ 10 ಲಕ್ಷ. ಒಂದು ದಿನದ ಅಜಾಗರೂಕತೆಗೆ ಎರಡು ತಿಂಗಳ ಅಪ್ಪಣೆಯ ಬೆಲೆ! ಮಿತವ್ಯಯಿಗೆ ಶುಲ್ಕ ದುಬಾರಿಯೆಂದು ತೋರುವುದು ಸಹಜ. ಆದರೆ ಅವನು ಹೋಲಿಸಬೇಕಾದುದು ಶುಲ್ಕವನ್ನೂ ತನ್ನ ಚೀಲದಲ್ಲಿರುವ ಹಣವನ್ನೂ ಅಲ್ಲ, ಶುಲ್ಕವನ್ನೂ ದಂಡವನ್ನೂ.

ಇನ್ನು ಗಡಿ ದಾಟಿ ಬರುವ ಉಪಾಯ. ಬೆಳಗ್ಗೆ ಪಕ್ಕದ ದೇಶಕ್ಕೆ ಕಾಲಿಟ್ಟು ಸಂಜೆ ಹೊಸ ಮುದ್ರೆಯೊಡನೆ ಮರಳುವ ಈ ಜಾಣತನವನ್ನು ಅಗ್ಗದ ಪ್ರಯಾಣಿಕರು ಬಹುಕಾಲ ಆಶ್ರಯಿಸಿದ್ದರು. ಆಡಳಿತಗಳಿಗೆ ಅದು ಕಾಣದೆ ಹೋಗಲಿಲ್ಲ. ನೆಲದ ಗಡಿಯಿಂದ ವೀಸಾ ಇಲ್ಲದೆ ಒಳಬರುವುದನ್ನು ಥಾಯ್ಲೆಂಡು 2016ರ ಕೊನೆಯಲ್ಲಿ ವರ್ಷಕ್ಕೆ ಎರಡು ಸಲಕ್ಕೆ ಮಿತಗೊಳಿಸಿತು. ನಮ್ಮ ಸರ್ಕಾರವೂ 2009ರ ಡಿಸೆಂಬರಿನಲ್ಲಿ, ಪ್ರವಾಸಿ ವೀಸಾದವರು ಒಮ್ಮೆ ಹೊರಟರೆ ಎರಡು ತಿಂಗಳು ಕಳೆಯದೆ ಮತ್ತೆ ಬರಬಾರದೆಂದು ನಿಯಮ ಮಾಡಿತ್ತು. ಮುಂಬಯಿಯ ಮೇಲಿನ ದಾಳಿಗೆ ಸ್ಥಳ ನೋಡಿಹೋದ ಹೆಡ್ಲಿ ಎಂಬವನು ಪದೇ ಪದೇ ಬಂದುಹೋದುದು ಬಯಲಾದುದೇ ಅದಕ್ಕೆ ಕಾರಣ. ಒಬ್ಬನ ಕಪಟಕ್ಕೆ, ಶ್ರೀಲಂಕೆಗೋ ನೇಪಾಳಕ್ಕೋ ಹೋಗಿ ಮರಳಿ ಹಂಪಿಗೆ ಬರಬೇಕೆಂದಿದ್ದ ಸಾವಿರಾರು ನಿರಪರಾಧಿಗಳು ಬೆಲೆ ತೆತ್ತರು. 2012ರ ಕೊನೆಯಲ್ಲಿ ಕೆಲವು ದೇಶದವರನ್ನು ಬಿಟ್ಟು ಉಳಿದವರಿಗೆ ಆ ನಿಯಮವನ್ನು ಸಡಿಲಿಸಲಾಯಿತು.

ಆತಿಥೇಯನ ಜಾಗದಲ್ಲಿ ನಿಂತು ನೋಡಿದರೆ ನಮ್ಮ ನಾಡೂ ಬಹಳ ಉದಾರವೆನ್ನಲು ಬಾರದು. ಪಟ್ಟಾಭಿ ಜೋಯಿಸರ ಯೋಗಶಾಲೆಯಿಂದ ಲೋಕಪ್ರಸಿದ್ಧವಾದ ಮೈಸೂರಿನ ಗೋಕುಲಂ ಬಡಾವಣೆಗೆ, ಹಂಪಿಗೆ, ಗೋಕರ್ಣಕ್ಕೆ ಬರುವ ವಿದೇಶೀಯರ ಪ್ರವಾಸಿ ವೀಸಾವನ್ನು ಭಾರತ ಸಾಮಾನ್ಯವಾಗಿ ಬೆಳೆಸುವುದಿಲ್ಲ. ಕಾಯಿಲೆಯಂಥ ಅನಿವಾರ್ಯ ಕಾರಣ ಬೇಕು. 2018ರಿಂದ ಈ ಅರ್ಜಿಗಳನ್ನು ಕಚೇರಿಗೆ ಅಲೆಯದೆ ಕಂಪ್ಯೂಟರಿನ ಮೂಲಕವೇ ಸಲ್ಲಿಸುವ ಏರ್ಪಾಡಾಗಿದೆ. ಅದು ಮೊದಲು ಆರಂಭವಾದ ನಗರಗಳಲ್ಲಿ ಬೆಂಗಳೂರೂ ಒಂದು. ಆದರೆ 2020ರ ಮಾರ್ಚಿನಲ್ಲಿ ಕೋವಿಡ್ ವ್ಯಾಧಿಯಿಂದ ವಿಮಾನಗಳೆಲ್ಲ ನಿಂತಾಗ, ಗೋಕರ್ಣ ಹಂಪಿಗಳಲ್ಲಿ ಸಿಕ್ಕಿಕೊಂಡ ಪ್ರವಾಸಿಗಳೂ ಸೇರಿದಂತೆ ದೇಶದಲ್ಲಿ ಉಳಿದುಹೋದ ವಿದೇಶೀಯರ ವೀಸಾಗಳನ್ನು ಸರ್ಕಾರ ಶುಲ್ಕವಿಲ್ಲದೆ, ದಂಡವಿಲ್ಲದೆ ಮತ್ತೆ ಮತ್ತೆ ಮುಂದುವರಿಸಿತು. 2021ರ ಸೆಪ್ಟೆಂಬರಿನವರೆಗೂ ಈ ಕ್ರಮ ನಡೆಯಿತು. ಆಗ ರಾಜ್ಯವು ಕೆಲಕಾಲ ನಮ್ಮ ಹಳ್ಳಿಯ ಗೃಹಿಣಿಯಂತೆ 'ಇದ್ದು ಹೋಗಿ' ಎಂದಿತು. ಲೋಕದ ಅನೇಕ ದೇಶಗಳು ಹೀಗೆಯೇ ನಡೆದುಕೊಂಡವು. ನಿಯಮವು ಮನಸ್ಸು ಮಾಡಿದರೆ ಬಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಡ.

ಕಡಿಮೆ ಹಣದಲ್ಲಿ ಲೋಕ ಸುತ್ತುವವರ ಮಾತು ಬಂದಾಗ ಇಬ್ಬರನ್ನು ನೆನೆಯದೆ ಇರಲಾಗದು. 1961ರಲ್ಲಿ ಬೆಂಗಳೂರಿನ ಒಂದು ಕಾಫಿ ಹೋಟೆಲಿನಲ್ಲಿ ಕುಳಿತಿದ್ದ ಸತೀಶ್ ಕುಮಾರ್ ಮತ್ತು ಇ. ಪಿ. ಮೆನನ್ ಎಂಬ ತರುಣರು, ಅಣುಬಾಂಬನ್ನು ವಿರೋಧಿಸಿ ಇಳಿವಯಸ್ಸಿನ ಬರ್ಟ್ರಂಡ್ ರಸೆಲ್ ಸೆರೆಗೆ ಹೋದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದರು. ಮರುವರ್ಷ ದೆಹಲಿಯ ಗಾಂಧಿ ಸಮಾಧಿಯಿಂದ ಹೊರಟು ಮಾಸ್ಕೋ, ಪ್ಯಾರಿಸ್, ಲಂಡನ್, ವಾಷಿಂಗ್‌ಟನ್ನುಗಳಿಗೆ ಶಾಂತಿಯ ಹೆಸರಿನಲ್ಲಿ ಪಾದಯಾತ್ರೆ ಮಾಡಿದರು. ವಿನೋಬಾರ ಸಲಹೆಯಂತೆ ಕೈಯಲ್ಲಿ ಒಂದು ಕಾಸೂ ಇಲ್ಲ. ಕಪ್ಪುಸಮುದ್ರದ ಬಳಿ ಚಹ ಕಾರ್ಖಾನೆಯ ಹೆಂಗಸರು ನಾಲ್ಕು ಪೊಟ್ಟಣ ಚಹ ಕೊಟ್ಟು, ಬಾಂಬನ್ನು ಹಾರಿಸುವ ಮೊದಲು ಇದನ್ನು ಕುಡಿದು ಯೋಚಿಸಲಿ ಎಂದು ನಾಲ್ಕು ರಾಜಧಾನಿಗಳ ನಾಯಕರಿಗೆ ತಲಪಿಸಲು ಹೇಳಿದರಂತೆ. ಈ ಯಾತ್ರಿಕರು ಹಣವನ್ನು ಬಿಟ್ಟರು, ವಾಹನವನ್ನು ಬಿಟ್ಟರು. ನೆಲದ ಮೇಲೆ ಕಾಲೇ ಅವರ ಬಂಡಿ. ಆದರೆ ಪಾಸ್‌ಪೋರ್ಟನ್ನೂ ವೀಸಾವನ್ನೂ ಬಿಡುವುದು ಅವರಿಗೂ ಸಾಧ್ಯವಾಗಲಿಲ್ಲ. ಅನ್ನವನ್ನು ಅಪರಿಚಿತರು ಕೊಟ್ಟರು, ಹಾಸಿಗೆಯನ್ನು ಅಪರಿಚಿತರು ಕೊಟ್ಟರು. ಮುದ್ರೆಯನ್ನು ಮಾತ್ರ ಸರ್ಕಾರವೇ ಕೊಡಬೇಕಾಗಿತ್ತು. ಜನರ ಆತಿಥ್ಯ ಮತ್ತು ರಾಜ್ಯದ ಅಪ್ಪಣೆ ಎಂಬುವು ಬೇರೆ ಬೇರೆ ಎಂಬ ಸತ್ಯ ಇಲ್ಲಿ ನಿಚ್ಚಳವಾಗುತ್ತದೆ.

ಆ ವ್ಯತ್ಯಾಸವನ್ನು ಮರೆತವರ ಕಥೆ ಕೆಲವೊಮ್ಮೆ ಕರುಣಾಜನಕವಾಗುವುದುಂಟು. 'ಪ್ರವಾಸಿ ವೀಸಾದಲ್ಲಿ ಹೋಗು, ಅಲ್ಲಿ ಹೋದ ಮೇಲೆ ಮುಂದುವರಿಸಿ ಕೆಲಸದ ವೀಸಾ ಮಾಡಿಸಿಕೊಡುತ್ತೇವೆ' ಎಂದು ದಲ್ಲಾಳಿಗಳು ಹೇಳುವ ಮಾತಿಗಿಂತ ಅಪಾಯಕರವಾದ ಮಾತು ಇಂದು ಇನ್ನೊಂದಿಲ್ಲ. ಹಾಗೆ ನಂಬಿ ಬ್ಯಾಂಕಾಕಿನಲ್ಲಿ ಇಳಿದ ಅನೇಕ ಭಾರತೀಯ ತರುಣರನ್ನು ಗಡಿಯಾಚೆಯ ಮ್ಯಾನ್ಮಾರಿನ ವಂಚನಾ ಕೇಂದ್ರಗಳಿಗೆ ಸಾಗಿಸಿ, ಪಾಸ್‌ಪೋರ್ಟು ಕಿತ್ತುಕೊಂಡು, ಕಂಪ್ಯೂಟರಿನ ಮುಂದೆ ಕೂರಿಸಿ ಅಮಾಯಕರನ್ನು ದೋಚುವ ಕೆಲಸ ಮಾಡಿಸಿದರು. 2025ರ ಮಾರ್ಚಿನಲ್ಲಿ ಥಾಯ್ಲೆಂಡಿನ ಮೇ ಸೋಟ್ ಪಟ್ಟಣದಿಂದ ಐನೂರಕ್ಕೂ ಹೆಚ್ಚು ಮಂದಿಯನ್ನು ನಮ್ಮ ವಾಯುಪಡೆಯ ವಿಮಾನಗಳು ಕರೆತರಬೇಕಾಯಿತು. ಹೊಲವನ್ನು ಅಡವಿಟ್ಟು ಮಗನನ್ನು ಹೊರದೇಶಕ್ಕೆ ಕಳುಹಿಸುವ ತಂದೆ ಒಂದು ಮಾತನ್ನು ಮನಸ್ಸಿನಲ್ಲಿಡಬೇಕು: ಪ್ರವಾಸಿಯ ಮುದ್ರೆ ನೋಡುವುದಕ್ಕೆ ಕೊಟ್ಟದ್ದು, ದುಡಿಯುವುದಕ್ಕಲ್ಲ. ಅದನ್ನು ಎಷ್ಟು ಬಾರಿ ಮುಂದುವರಿಸಿದರೂ ಅದು ದುಡಿಮೆಯ ಹಕ್ಕಾಗಿ ಮಾರ್ಪಡುವುದಿಲ್ಲ. ಪಾಸ್‌ಪೋರ್ಟು ಇನ್ನೊಬ್ಬನ ಪೆಟ್ಟಿಗೆಗೆ ಹೋದ ಕ್ಷಣದಲ್ಲಿಯೇ ಅದರ ಒಡೆಯ ಪ್ರವಾಸಿಯಾಗಿ ಉಳಿಯುವುದಿಲ್ಲ, ಆಳಾಗುತ್ತಾನೆ.

ಕಿಟಕಿಯ ಆಚೆಯ ಅಧಿಕಾರಿ ಕೇಳುವ ಪ್ರಶ್ನೆಗಳಲ್ಲಿ ಬಡ ಪ್ರಯಾಣಿಕನನ್ನು ಚುಚ್ಚುವಂಥದೂ ಒಂದುಂಟು: 'ಕೈಯಲ್ಲಿ ಹಣವೆಷ್ಟಿದೆ?' ವಾಸದ ವಿಳಾಸ, ಮರಳುವ ಟಿಕೀಟು, ಹಣದ ಆಧಾರ ಇವು ಮೂರನ್ನೂ ತೋರಿಸಬಲ್ಲವನ ಅರ್ಜಿಗೆ ಸಾಮಾನ್ಯವಾಗಿ ತೊಡಕಿಲ್ಲ. ಪ್ರಶ್ನೆ ಕಹಿಯಾದರೂ ಅದರ ಹಿಂದಿನ ಶಂಕೆಯನ್ನು ತಿಳಿಯಬಹುದು; ಹಣ ತೀರಿದವನು ಕಳ್ಳತನದಿಂದ ಕೂಲಿಗೆ ನಿಲ್ಲುವನೆಂಬ ಅಂಜಿಕೆ ಅದು. ಆದರೆ ಶ್ರೀಮಂತ ದೇಶದ ಪಾಸ್‌ಪೋರ್ಟಿಗೆ ಕೇಳದ ಪ್ರಶ್ನೆಯನ್ನು ನಮ್ಮ ಪಾಸ್‌ಪೋರ್ಟಿಗೆ ಕೇಳುವಾಗ, ಅಲ್ಲಿ ತೂಗುತ್ತಿರುವುದು ವ್ಯಕ್ತಿಯನ್ನಲ್ಲ, ಅವನ ದೇಶವನ್ನು ಎಂಬುದು ಗೊತ್ತಾಗಿ ಮನಸ್ಸು ನೋಯುತ್ತದೆ. ಅಮೆರಿಕದ ಸರ್ಕಾರ ಅವಧಿ ಮೀರಿ ನಿಂತವರ ಲೆಕ್ಕವನ್ನು ದೇಶವಾರು ಪ್ರಕಟಿಸುತ್ತದೆ. ಅಂಥ ಪಟ್ಟಿಯಲ್ಲಿ ಸೇರುವ ಒಂದೊಂದು ಅಂಕಿಯೂ ಮುಂದೆ ಸಾಲಿನಲ್ಲಿ ನಿಲ್ಲುವ ಅಪರಿಚಿತ ಹುಡುಗನೊಬ್ಬನ ಮುಖದ ಮೇಲೆ ಬೀಳುವ ನೆರಳು. ಹಾಗಾಗಿ ಅವಧಿಯನ್ನು ಮೀರದಿರುವುದು ಬರಿಯ ಕಾನೂನಿನ ಭಯದ ಮಾತಲ್ಲ. ನಮ್ಮ ಹಿಂದೆ ಬರುವವರಿಗೆ ನಾವು ಸಲ್ಲಿಸುವ ಒಂದು ಋಣ.

1950ರ ಶಾಂತಿ ಸ್ನೇಹ ಒಪ್ಪಂದದ ನೆರಳಿನಲ್ಲಿ ನೇಪಾಳದಲ್ಲಿ ನಮಗೆ ವೀಸಾದ ಹಂಗೇ ಇಲ್ಲ. ಬೇರೆ ದೇಶದ ಪ್ರವಾಸಿ ಅಲ್ಲಿ ವರ್ಷಕ್ಕೆ 150 ದಿನಗಳನ್ನು ಎಣಿಸಿಕೊಂಡು ಇರಬೇಕು. ಎರಡು ನೆರೆಮನೆಗಳು ಒಬ್ಬರನ್ನೊಬ್ಬರು ನಂಬಿದರೆ ಕಾಗದವಿಲ್ಲದೆಯೂ ಬದುಕು ನಡೆಯುತ್ತದೆಂಬುದು ಇದರಿಂದ ವಿದಿತ. ಲೋಕವೆಲ್ಲ ಹಾಗಾಗುವ ದಿನ ಹತ್ತಿರದಲ್ಲಿ ಕಾಣುವುದಿಲ್ಲ. ಅಲ್ಲಿಯವರೆಗೆ ಪರಿವ್ರಾಜಕನ ನೀತಿಯೇ ನಮಗೆ ಆಸರೆ: ಎಷ್ಟು ದಿನವೆಂಬುದನ್ನು ತಿಳಿದು ಹೊರಡುವುದು, ಹೆಚ್ಚು ಬೇಕಾದರೆ ದಿನ ತೀರುವ ಮೊದಲೇ ತಲೆಯೆತ್ತಿ ಕೇಳುವುದು, ಇಲ್ಲವೆಂದರೆ ಚೀಲವನ್ನು ಹೆಗಲಿಗೇರಿಸುವುದು. ಕೇಳುವುದರಲ್ಲಿ ಹೀನತೆಯಿಲ್ಲ, ಕೇಳದೆ ಅಡಗಿ ನಿಲ್ಲುವುದರಲ್ಲಿದೆ. ಊರಿಗೆ ಮರಳಿದವನಿಗೆ ಅಂತೂ ಯಾರ ಮುದ್ರೆಯೂ ಬೇಕಿಲ್ಲ. ಅವನ ತಾಯಿ ಅವನ ದಿನಗಳನ್ನು ಎಣಿಸುವುದು ಅವನು ಹೊರಟ ಮೇಲೆ ಮಾತ್ರ.